ಒಮ್ಮೆ ಹಿಡಿದರೆ ಬಿಡದ ಟ್ಯಾಂಕ್ ಬ್ಯಾಗು

ಮೋಟರ್‌ಸೈಕಲ್ ಮೇಲೆ ಒಂದು ಚೀಲವನ್ನು ನವಲಗುಂದದಿಂದ ಅಣ್ಣಿಗೇರಿಗೆ ಸುರಕ್ಷಿತವಾಗಿ ಒಯ್ಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವನು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಹೀಗೆಂದು ಹೋದ ತಿಂಗಳು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಘೋಷಿಸಿದ್ದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ಮಹಾಲಕ್ಷ್ಮಿ ಒಬ್ಬಳೇ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುವುದನ್ನು ನಿಲ್ಲಿಸಲಿಲ್ಲ.

ಸಂದರ್ಭವೇನೂ ಸಣ್ಣದಲ್ಲ. ಅಣ್ಣಿಗೇರಿಗೆ ಕೊಟ್ಟ ಅವಳ ತಂಗಿ ಸುನೀತಾಗೆ ಏಳು ತಿಂಗಳು, ಕುಬಸದ ಕಾರ್ಯ. ಬಸುರಿಗೆ ತವರಿನಿಂದ ಹಸಿರು ಸೀರೆ, ಕುಬಸದ ಖಣ, ಹಸಿರು ಬಳೆ ಬರಲೇಬೇಕು. ಅದನ್ನು ಉಡಿಸಿದ ಮೇಲೆಯೇ ಆರತಿ. ನಮ್ಮ ಅತ್ತೆ ತೀರಿಹೋಗಿ ಮೂರು ವರ್ಷವಾಯಿತು. ಹೀಗಾಗಿ ಸುನೀತಾಳ ಪಾಲಿಗೆ ತವರು ಎಂದರೆ ಈಗ ಮಹಾಲಕ್ಷ್ಮಿಯೇ. ಆ ಒಂದು ಸೀರೆಗಾಗಿ ಹುಬ್ಬಳ್ಳಿಯಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿದು ಬಂದಿದ್ದಳು.

"ಅವ್ವ ಇಲ್ಲ ಅನ್ನೂದು ಆವತ್ತ ಒಂದ ದಿನರೆ ಅಕಿಗೆ ಅನಸಬಾರದು ನೋಡ್ರಿ," ಎಂದಿದ್ದಳು.

ನನಗೂ ಅಲ್ಲೊಂದು ಸ್ವಾರ್ಥವಿತ್ತು, ಮುಚ್ಚಿಡುವುದೇನು. ಕುಬಸದ ಸೀರೆ ತಂದವರನ್ನು ಎಲ್ಲರೆದುರು ಮಣೆಯ ಮೇಲೆ ಕೂಡಿಸಿ, ಟವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಟ್ಟು ಆಯೇರಿ ಮಾಡುವುದು ಸುನೀತಾಳ ಅತ್ತೆ ಸಣ್ಣವ್ವನ ಮನೆಯ ಪದ್ಧತಿ. ನಾನು ಹದಿನೆಂಟು ವರ್ಷದಿಂದ ಹೈಸ್ಕೂಲಿನ ಪಿ.ಟಿ. ಮಾಸ್ತರ. ಊರ ಮಕ್ಕಳ ಕೊರಳಿಗೆಲ್ಲ ಮೆಡಲು ಹಾಕಿದ್ದೇನೆ. ನನ್ನ ಹೆಗಲಿಗೆ ಮಾತ್ರ ಇಷ್ಟು ವರ್ಷದಲ್ಲಿ ಯಾರೂ ಒಂದು ಟವೆಲ್ ಹಾಕಿದವರಿಲ್ಲ.

ಸೀರೆಯನ್ನು ತನ್ನ ವಾಯರ್ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದು ಕೂಡುತ್ತೇನೆಂದು ಮಹಾಲಕ್ಷ್ಮಿ ಹೇಳಿದಳು. ವಾಯರ್ ಚೀಲ! ಆಯೇರಿ ಮಾಡಿಸಿಕೊಳ್ಳುವವನ ಗಾಡಿಯಲ್ಲಿ ವಾಯರ್ ಚೀಲ! ನಾನು ಟ್ಯಾಂಕ್ ಬ್ಯಾಗ್ ತರಿಸಲು ನಿಶ್ಚಯಿಸಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ, ಎದೆಯ ಮುಂದೆ, ಮಗುವಿನ ಹಾಗೆ ಕೂಡುವ ಚೀಲ ಅದು. ಹದಿನೈದು ದಿನ ಮೊಬೈಲಿನಲ್ಲಿ ಅದರದೇ ಅಧ್ಯಯನ. ಬೆಲ್ಟಿನದು ಒಂದು ಜಾತಿ, ಮ್ಯಾಗ್ನೆಟ್ಟಿನದು ಇನ್ನೊಂದು ಜಾತಿ. ಹೊಸ ಗಾಡಿಗಳ ಟ್ಯಾಂಕಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ಅವಕ್ಕೆ ಮ್ಯಾಗ್ನೆಟ್ ಹತ್ತುವುದಿಲ್ಲವಂತೆ. ನನ್ನದು ಹದಿನಾರು ವರ್ಷದ ಗಾಡಿ, ಅಪ್ಪಟ ಕಬ್ಬಿಣದ ಟ್ಯಾಂಕು. ಮ್ಯಾಗ್ನೆಟ್ಟಿನದನ್ನೇ ತರಿಸಿದೆ.

ಬಂದ ದಿನ ಪರೀಕ್ಷೆಗೆಂದು ಅದನ್ನು ರೊಟ್ಟಿಯ ಹಂಚಿಗೆ ಅಂಟಿಸಿದೆ. ಬಿಡಿಸಲು ಇಬ್ಬರೂ ಎರಡು ಕಡೆಯಿಂದ ಜಗ್ಗಬೇಕಾಯಿತು.

"ನೋಡಿದಿ? ಒಮ್ಮಿ ಹಿಡೀತಂದ್ರ ಬಿಡೂ ಮಾತ ಇಲ್ಲ," ಎಂದೆ.

"ಅದು ಬಿಡೂದಿಲ್ಲ, ಖರೆ. ನಿಮ್ಮದ ನನಗ ಹೆದರಿಕಿ," ಎಂದಳು.

ಕಾರ್ಯದ ದಿನ ಹನ್ನೆರಡರೊಳಗೆ ಆರತಿ ಆಗಬೇಕಿತ್ತು. ಒಂಬತ್ತಕ್ಕೇ ಹೊರಟೆವು. ಸೀರೆ, ಖಣ, ಬಳೆ ಎಲ್ಲ ಬ್ಯಾಗಿನೊಳಗೆ; ಮೇಲಿನ ಪಾರದರ್ಶಕ ಜೇಬಿನಲ್ಲಿ ನನ್ನ ಮೊಬೈಲು. ಒಂದೇ ಫೋನು ಸಾಕೆಂದು ಅವಳದನ್ನು ಮನೆಯಲ್ಲೇ ಬಿಡಿಸಿದ್ದೆ. ಆ ಬುದ್ಧಿವಂತಿಕೆಯೂ ನನ್ನದೇ!

ಊರ ಹೊರಗಿನ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದಾಗ ಒಂದು ಸತ್ಯ ಹೊಳೆಯಿತು. ಚೀಲ ಕೂತಿದ್ದು ಟ್ಯಾಂಕಿನ ಮುಚ್ಚಳದ ಮೇಲೆಯೇ. ಅದನ್ನು ಎತ್ತದೆ ಪೆಟ್ರೋಲ್ ಹಾಕಿಸುವಂತಿಲ್ಲ. ಮಹಾಲಕ್ಷ್ಮಿ ಇಳಿದು ರಸ್ತೆಯ ಪಕ್ಕದ ಬೇವಿನ ನೆರಳಿಗೆ ಹೋದಳು. ನಾನು ಮೊಬೈಲಿನಿಂದ ಹಣ ಕೊಟ್ಟು, ಅದನ್ನು ಮತ್ತೆ ಜೇಬಿಗೆ ಸೇರಿಸಿ, ಬ್ಯಾಗನ್ನು ಹೆಣಗಾಡಿ ಎತ್ತಿದೆ. ಪೆಟ್ರೋಲ್ ಹಾಕುವವನು ಅದೇನೆಂದು ಕೇಳಿದ. ಕೇಳಬಾರದಿತ್ತು. ಬಾಜೂಕ್ಕೆ ಒಂದು ಕೆಂಪು ಟ್ರ್ಯಾಕ್ಟರ್ ನಿಂತಿತ್ತು, ಡ್ರೈವರ್ ಡೀಸೆಲ್ಲಿನ ದುಡ್ಡು ಕೊಡಲು ಒಳಗೆ ಹೋಗಿದ್ದ. ಅದರ ಮಡ್‌ಗಾರ್ಡಿಗೆ ಬ್ಯಾಗನ್ನು ಟಪ್ಪೆಂದು ಅಂಟಿಸಿ, ಜಗ್ಗಿ ನೋಡು ಎಂದೆ. ಅವನು ಜಗ್ಗಿದ. ಬರಲಿಲ್ಲ. ನನ್ನ ಎದೆ ಎರಡು ಇಂಚು ಉಬ್ಬಿತು.

ಅಷ್ಟರಲ್ಲಿ ಹಿಂದೆ ಒಂದು ಕಾರು ಹಾರ್ನ್ ಹೊಡೆಯತೊಡಗಿತು. ಪೆಟ್ರೋಲ್ ಹಾಕಿಸಿಕೊಂಡವನೇ ಗಾಡಿ ಮುಂದೆ ತಂದೆ. ಹೆಂಡತಿಯನ್ನು ಹತ್ತಿಸಿಕೊಂಡೆ. ಹೊರಟೆ.

ಗಾಡಿ ಹೂವಿನಂತೆ ಹಗುರಾಗಿ ಓಡುತ್ತಿತ್ತು! ಟ್ಯಾಂಕ್ ಬ್ಯಾಗಿನ ಹೆಚ್ಚುಗಾರಿಕೆಯೇ ಇದು, ಭಾರ ಇದ್ದದ್ದೇ ಗೊತ್ತಾಗುವುದಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದೆ. ಅವಳಿಗೆ ನನ್ನ ಬೆನ್ನಿನ ಹೊರತು ಮುಂದೇನೂ ಕಾಣುತ್ತಿರಲಿಲ್ಲ. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಗಲು ಹೊತ್ತಿನಲ್ಲೇ ಲೈಟ್ ಹಾಕಿ ಆರಿಸಿ, ಒಂದೇ ಸವನೆ ಹಾರ್ನ್ ಹೊಡೆಯುತ್ತ ಬರುತ್ತಿತ್ತು.

"ಯಾರೋ ಕರ್ಯಾಕತ್ತಾರ ನಿಂದರ್ರಿ," ಎಂದಳು.

"ರೇಸ್ ಹಚ್ಚ್ಯಾನ ಮಗಾ. ಪಿ.ಟಿ. ಮಾಸ್ತರನ ಕೂಡ ರೇಸ್!" ಎಂದವನೇ ಕಿಸೆಯ ಸೀಟಿ ತೆಗೆದು ಊದಿ, ಗಾಡಿಯ ಕಿವಿ ಹಿಂಡಿದೆ. ಟ್ರ್ಯಾಕ್ಟರ್ ಕನ್ನಡಿಯಲ್ಲಿ ಸಣ್ಣದಾಗುತ್ತ ಹೋಗಿ ಕಾಣದಾಯಿತು. ಗೆದ್ದೆ.

ಅಣ್ಣಿಗೇರಿ ಇನ್ನು ನಾಲ್ಕು ಕಿಲೋಮೀಟರ್ ಇದ್ದಾಗ, ಬಂದೆವೆಂದು ಸುನೀತಾಗೆ ಒಂದು ಫೋನ್ ಮಾಡಿರೆಂದು ಮಹಾಲಕ್ಷ್ಮಿ ಹೇಳಿದಳು. ಮೊಬೈಲಿಗೆ ಕೈ ಹಾಕಿದೆ. ಬಿಸಿಲಿಗೆ ಕಾದ ಬರಿಯ ತಗಡು ಕೈಗೆ ಹತ್ತಿತು.

ಗಾಡಿ ತಾನಾಗಿ ನಿಂತಿತೋ ನಾನೇ ನಿಲ್ಲಿಸಿದೆನೋ ತಿಳಿಯದು. ಅವಳು ಇಳಿದು ಮುಂದೆ ಬಂದು ಟ್ಯಾಂಕನ್ನು ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ.

"ನಮ್ಮವ್ವ ಇದ್ದಿದ್ರ ಉಡ್ಯಾಗ ಕಟಗೊಂಡ ಬರ್ತಿದ್ಲು," ಎಂದಷ್ಟೇ ಹೇಳಿ ಸೆರಗು ಬಾಯಿಗೆ ಹಚ್ಚಿದಳು.

ಗಾಡಿ ತಿರುಗಿಸಿದೆ. ದಾರಿಯಲ್ಲಿ ಕಂಡ ಕಂಡ ಕೆಂಪು ಟ್ರ್ಯಾಕ್ಟರಿಗೆಲ್ಲ ಸೀಟಿ ಊದಿ ಅಡ್ಡ ನಿಂತೆ, ಮಡ್‌ಗಾರ್ಡ್ ಸವರಿ ನೋಡಿದೆ. ನಮ್ಮ ಸೀಮೆಯಲ್ಲಿ ಇಷ್ಟು ಕೆಂಪು ಟ್ರ್ಯಾಕ್ಟರುಗಳಿವೆಯೆಂದು ಅಂದೇ ಗೊತ್ತಾದದ್ದು. ಒಬ್ಬ ರೈತನಂತೂ ನನ್ನನ್ನು ಆರ್‌ಟಿಒ ಎಂದು ತಿಳಿದು ಕಾಗದಪತ್ರ ತೆಗೆದ. ಬ್ಯಾಗು ಮಾತ್ರ ಎಲ್ಲಿಯೂ ಇಲ್ಲ.

ಕಡೆಗೆ ಬಂಕನ್ನೇ ಮುಟ್ಟಿದೆವು. ಪೆಟ್ರೋಲ್ ಹಾಕುವವನ ಫೋನಿನಿಂದ ನನ್ನ ನಂಬರಿಗೆ ಹಚ್ಚಿದೆ. ಬಿಜಿ ಬಂತು. ನನ್ನ ಫೋನು ನನಗೇ ಬಿಜಿ! ಯಾವನೋ ನನ್ನ ಮೊಬೈಲಿನಲ್ಲಿ ಮಾತಾಡುತ್ತ, ನನ್ನ ನಾದಿನಿಯ ಸೀರೆಯನ್ನು ಯಾವ ದಿಕ್ಕಿಗೆ ಒಯ್ಯುತ್ತಿದ್ದಾನೋ!

"ಆ ಟ್ರ್ಯಾಕ್ಟರ್ ಅಣ್ಣಿಗೇರಿ ಕಡೆನ ಹೋತಲ್ರಿ ಸರ," ಎಂದ ಪೆಟ್ರೋಲ್ ಹಾಕುವವನು. "ನಿಮ್ಮ ಬೆನ್ನ ಹತ್ತೇ ಹೋತು, ಹಾರ್ನ್ ಹೊಡಕೋತ."

ಮಹಾಲಕ್ಷ್ಮಿ ನನ್ನ ಕಿಸೆಯ ಸೀಟಿಯನ್ನು ಒಮ್ಮೆ ನೋಡಿ, ಹೋಗಿ ಗಾಡಿ ಹತ್ತಿದಳು.

ಅಣ್ಣಿಗೇರಿ ತಲುಪಿದಾಗ ಹನ್ನೆರಡಕ್ಕೆ ಹತ್ತೇ ನಿಮಿಷ. ಸಣ್ಣವ್ವನ ಮನೆಯ ಓಣಿಗೆ ತಿರುಗಿದರೆ ಬಾಗಿಲ ಮುಂದೆ ಕೆಂಪು ಟ್ರ್ಯಾಕ್ಟರ್! ಮಡ್‌ಗಾರ್ಡಿನ ಮೇಲೆ ಬ್ಯಾಗು, ಜಿಪ್ ತೆರೆದು ಬರಿದಾಗಿ ಕೂತಿತ್ತು.

ಆದದ್ದು ಇಷ್ಟು. ಇನ್ನೂ ಬರಲಿಲ್ಲವೆಂದು ಸುನೀತಾ ನನ್ನ ನಂಬರಿಗೆ ಹಚ್ಚಿದ್ದಾಳೆ. ಡ್ರೈವರ್ ಕುತುಬುದ್ದೀನ ಎತ್ತಿದ್ದಾನೆ. ಸೀರೆಯ ಮಾತು ಕೇಳಿದ್ದೇ ತಡ, ಅವಳನ್ನು ಫೋನಿನಲ್ಲಿ ದಾರಿ ಕೇಳುತ್ತ, ಕಾಲುವೆ ದಂಡೆಯ ಒಳದಾರಿ ಹಿಡಿದು ನೇರ ಮನೆಗೆ ಮುಟ್ಟಿಸಿದ್ದಾನೆ. ಒಳಗೆ ಹಸಿರು ಸೀರೆ ಹರಿವಾಣದಲ್ಲಿತ್ತು. ಅಕ್ಕನೇ ಬಂದು ಉಡಿಸಬೇಕೆಂದು ಸುನೀತಾ ಹಟ ಹಿಡಿದು ಕೂತಿದ್ದಳಂತೆ. ಮಹಾಲಕ್ಷ್ಮಿ ಚಪ್ಪಲಿ ಬಿಟ್ಟಲ್ಲಿಂದ ಓಡಿದಳು. ಉಡಿಸುವಾಗ ಅಕ್ಕತಂಗಿ ಇಬ್ಬರೂ ಅತ್ತರು. ಬಾಗಿಲ ಹೊರಗೆ ನಿಂತ ನನ್ನ ಕಣ್ಣೂ ತುಂಬಿತು.

ಆರತಿ ಮುಗಿಯಿತು. ಸಣ್ಣವ್ವ ಮಣೆ ಹಾಕಿಸಿದಳು. ನಾನು ಶರ್ಟಿನ ಕಾಲರ್ ಸರಿ ಮಾಡಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ.

"ಸೀರಿ ತಂದಾವ್ರು ಬರ್ರಿ. ಬಾ ಯಪ್ಪಾ ಕುತುಬುದ್ದೀನ," ಎಂದಳು ಸಣ್ಣವ್ವ.

ಅವನು ಬ್ಯಾಡ್ರಿ ಎಂದು ಹಿಂಜರಿದರೂ ಯಾರೂ ಬಿಡಲಿಲ್ಲ. ಟವೆಲ್ ಹೊದಿಸಿದರು, ಕಾಯಿ ಕೊಟ್ಟರು. ಮಹಾಲಕ್ಷ್ಮಿ ತಾನೇ ಮುಂದೆ ನಿಂತು ಅವನಿಗೆ ಎರಡೆರಡು ಹೋಳಿಗೆ ಬಡಿಸಿದಳು. ನಾನು ಫೋಟೋ ಹೊಡೆದೆ.

"ಸರ, ನಾ ಎಷ್ಟರೆ ಹಾರ್ನ್ ಹೊಡದೆ. ನೀವು ಸೀಟಿ ಊದಕೋತ ಹೋದ್ರಿ," ಎಂದ ಅವನು, ತುಪ್ಪ ಹಾಕಿಸಿಕೊಳ್ಳುತ್ತ.

ಸಂಜೆ ನಾಲ್ಕಕ್ಕೆ ಹೊರಟೆವು. ಮ್ಯಾಗ್ನೆಟ್ಟನ್ನು ಮಡ್‌ಗಾರ್ಡಿನಿಂದ ಬಿಡಿಸಲು ಓಣಿಯ ನಾಲ್ಕು ಮಂದಿ ಬರಬೇಕಾಯಿತು. ಈ ಸಲ ನಾನು ಜಾಗ್ರತೆಯ ಮೂರ್ತಿ! ಬ್ಯಾಗನ್ನು ಟ್ಯಾಂಕಿಗೆ ಕೂಡಿಸಿದೆ. ಎಡಗೈಯಿಂದ ಮುಟ್ಟಿದೆ, ಇದೆ. ಬಲಗೈಯಿಂದ ಮುಟ್ಟಿದೆ, ಇದೆ. ಸಣ್ಣವ್ವನಿಗೆ ಕೈ ಮುಗಿದು ಗಾಡಿ ಬಿಟ್ಟೆ. ಓಣಿಯ ತಿರುವು ದಾಟುವಷ್ಟರಲ್ಲಿ ಗಾಡಿ ಹೂವಿನಂತೆ ಹಗುರಾಗಿ ಓಡುತ್ತಿತ್ತು.

ಆ ಹಗುರ ನನಗೆ ಪರಿಚಯದ್ದು. ಕೈಯನ್ನು ಹಿಂದಕ್ಕೆ ಚಾಚಿದೆ. ಬರಿಯ ಸೀಟು.

ತಿರುಗಿ ಬಂದಾಗ ಮಹಾಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ತಂಗಿ ಕೊಟ್ಟ ವಾಯರ್ ಚೀಲ, ಅದರ ತುಂಬ ಹೋಳಿಗೆಯ ಬುತ್ತಿ. ಅವಳು ನನ್ನನ್ನು ನೋಡಲಿಲ್ಲ, ಸಣ್ಣವ್ವನ ಕಡೆ ತಿರುಗಿದಳು.

"ಅತ್ತಿ, ಕುತುಬುದ್ದೀನಣ್ಣನ ಟ್ರ್ಯಾಕ್ಟರ್ ಇನ್ನೂ ಹೋಗಿಲ್ಲ ಹೌದಲ್ರಿ?"