ಐದು ಬಣ್ಣದ ನಿಯಮ ಮತ್ತು ಸಟೇಕಿಯ ಚಾಪೆ

ತೋಂಗಾದ ನಮ್ಮ ದ್ವೀಪದ ಪ್ರೌಢಶಾಲೆಯಲ್ಲಿ ಚಿತ್ರಕಲಾ ಪರೀಕ್ಷೆಗೆ ಮಾದರಿಯಾಗಿ ಅಲುಗಾಡದೆ ಕೂರಬಲ್ಲ ಮನುಷ್ಯ ಸಟೇಕಿ ಒಬ್ಬನೇ ಎಂದು ಆಡಳಿತ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು.

ತೀರ್ಮಾನಕ್ಕೆ ಮೊದಲು ಬೇರೆಯವರನ್ನೂ ಕೂರಿಸಿ ನೋಡಲಾಗಿತ್ತು. ಮುಖ್ಯೋಪಾಧ್ಯಾಯರು ಕೂತರು. ಮಾತು ನಿಲ್ಲಲಿಲ್ಲ. ಮಕ್ಕಳೆಲ್ಲ ಬರೀ ಬಾಯಿ ಬರೆದರು. ಪಾದ್ರಿಗಳು ಕೂತರು. ನಿದ್ದೆ ಹತ್ತಿ ಎಡಕ್ಕೆ ವಾಲಿದರು. ಕೊನೆಗೆ ಒಂದು ಹಂದಿಯನ್ನು ಕಟ್ಟಿಹಾಕಲಾಯಿತು. ಅದು ಹಗ್ಗ ತಿಂದು ಹೋಯಿತು.

ಸಟೇಕಿ ಹಾಗಲ್ಲ. ಹೆಂಡತಿ ಲೂಪೆ ತೀರಿಕೊಂಡ ಮೇಲೆ ಅವನು ಎಲ್ಲಿ ಕೂತರೆ ಅಲ್ಲೇ. ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಮೈಮೇಲೆ ಕಪ್ಪು ಬಟ್ಟೆ. ಅದರ ಮೇಲೆ ಎದೆಯಿಂದ ಮೊಣಕಾಲಿನವರೆಗೆ ಸುತ್ತಿದ ಹಳೆಯ ಚಾಪೆ. ಸಾವಾದ ಮನೆಯವರು ವರ್ಷ ತುಂಬುವ ತನಕ ಹಾಗೇ ಇರಬೇಕು. ಚಾಪೆ ಲೂಪೆಯೇ ಹೆಣೆದದ್ದು. ಎಡ ಮೂಲೆಯಲ್ಲಿ ಹೆಣಿಗೆ ತಪ್ಪಿ ಸೊಟ್ಟಗಾಗಿತ್ತು. ಬಿಚ್ಚಿ ಸರಿಮಾಡ್ತೀನಿ ಅನ್ನುತ್ತಿದ್ದಳು. ಮಾಡಲಿಲ್ಲ.

ಚಾಪೆ ಯಾವಾಗ ಕಳಚಬೇಕೆಂದು ಹೇಳುವ ಹಕ್ಕು ಸತ್ತವಳ ಸೋದರತ್ತೆ ಟೊವಾಕಾಸೆಯದು. ಕಳಚಿದ ಚಾಪೆಯೂ ಅವಳಿಗೇ ಸೇರಬೇಕು. ಗಂಡನಾದವನಿಗೆ ಇದರಲ್ಲಿ ಮಾತಿಲ್ಲ. ವರ್ಷ ಬೇಗ ತುಂಬದಿರಲಿ ಎಂಬುದೊಂದೇ ಸಟೇಕಿಯ ಆಸೆ. ಬೇರೆ ಆಸೆಗಳು ಅವನಿಗೆ ಆಗ ನೆನಪಾಗುತ್ತಿರಲಿಲ್ಲ.

ಮಕ್ಕಳು ಮೊದಲು ಪೆನ್ಸಿಲಿನಲ್ಲಿ ಬರೆದರು. ಪಕ್ಕದ ಮನೆಯ ಹುಡುಗಿ ವೈಮೊವಾನಾ ಎಲ್ಲರಿಗಿಂತ ಚೆನ್ನಾಗಿ ಬರೆದಳು.

"ಮಾವ, ಮೂಗು ಕೆರೀತಿದ್ರೆ ಕೆರ್ಕೊಳ್ಳಿ. ನಾನು ಯಾರಿಗೂ ಹೇಳಲ್ಲ."

"ಬೇಡ."

"ಉಸಿರಾದ್ರೂ ಆಡಿ. ಭಯ ಆಗತ್ತೆ."

ಸಟೇಕಿ ಉಸಿರಾಡಿದ. ಅವಳು ಅದನ್ನೂ ಬರೆದಳು.

ಚಿತ್ರಗಳು ಕಡಲಾಚೆಯ ಮೌಲ್ಯಮಾಪನ ಮಂಡಳಿಗೆ ಹೋದವು. ಉತ್ತರ ಬಂತು. ರೇಖೆಗೆ ಮೆಚ್ಚುಗೆ. ಮುಂದಿನ ಹಂತ ವರ್ಣಚಿತ್ರ. ಅದರಲ್ಲಿ ಕನಿಷ್ಠ ಐದು ಬಣ್ಣ ಇರತಕ್ಕದ್ದು. ಇಲ್ಲವಾದಲ್ಲಿ ವರ್ಣಪ್ರಜ್ಞೆಯ ಅಂಕಗಳು ಸೊನ್ನೆ.

"ಕಪ್ಪಿನಲ್ಲೇ ಎಷ್ಟೊಂದು ಬಣ್ಣ ಇದೆ ಸರ್," ಅಂದಳು ವೈಮೊವಾನಾ. "ತೋಳಿನ ಹತ್ರ ನೀಲಿ. ಮಂಡಿ ಹತ್ರ ಬೂದಿ."

"ನಿಂಗೆ ಕಾಣತ್ತಮ್ಮಾ," ಅಂದರು ಚಿತ್ರಕಲಾ ಮೇಷ್ಟರು ಫಿಲಿಮೊನೆ. "ಅವರು ಬಣ್ಣದ ಟ್ಯೂಬ್ ಎಣಿಸ್ತಾರೆ."

ಸಮಿತಿ ಸೇರಿತು. ನಿಯಮ ಬದಲಿಸುವುದು ಶಾಲೆಯ ಕೈಲಿಲ್ಲ. ದುಃಖ ಬದಲಿಸುವುದು ಊರಿನ ಕೈಲಿದೆ. ಆದ್ದರಿಂದ ಸಮಿತಿಯವರು ಒಂದು ಹಂದಿ, ಒಂದು ಹೊರೆ ಗೆಣಸು ಹೊರಿಸಿಕೊಂಡು ಟೊವಾಕಾಸೆಯ ಅಂಗಳಕ್ಕೆ ಹೋಗಿ ಕಾಲು ಮಡಚಿ ಕೂತರು. ಸಟೇಕಿಯನ್ನೂ ಕರೆದೊಯ್ದಿದ್ದರು, ಯಾವ ದುಃಖ ಎಂದು ತೋರಿಸಲು.

"ಅವ್ವಾ, ಮಕ್ಕಳ ಭವಿಷ್ಯದ ಪ್ರಶ್ನೆ," ಅಂದರು ಮುಖ್ಯೋಪಾಧ್ಯಾಯರು. "ದುಃಖಾನ ಸ್ವಲ್ಪ ಮುಂಚೆ ಮುಗಿಸಿಕೊಡಬೇಕು."

ಟೊವಾಕಾಸೆ ಹಂದಿಯ ಬೆನ್ನು ಹಿಚುಕಿ ನೋಡಿದಳು. "ನನ್ನಣ್ಣನ ಮಗಳು. ಎತ್ತಿ ಆಡಿಸಿದ ಕೂಸು. ಇಷ್ಟು ಬೇಗ ಹೆಂಗೆ ಮುಗೀತದೆ?"

"ಇನ್ನೊಂದು ಹೊರೆ ಗೆಣಸು ದಾರೀಲಿ ಬರ್ತಾ ಇದೆ ಅವ್ವಾ."

"ದೇವರು ಕೊಟ್ಟ, ದೇವರು ತಗೊಂಡ. ನಾವು ಯಾರು?" ಅಂದಳು ಟೊವಾಕಾಸೆ. "ಮುಗೀತು. ಚಾಪೆ ಕೊಡಪ್ಪ."

"ಅತ್ತೆ, ವರ್ಷ ಆಗಿಲ್ಲ," ಅಂದ ಸಟೇಕಿ.

"ಅವನಿಗೆ ದುಃಖ ಜಾಸ್ತಿ," ಅಂತ ಅವಳು ಸಮಿತಿಗೆ ವಿವರಿಸಿದಳು. ಹೆಣ್ಣುಮಕ್ಕಳು ಚಾಪೆ ಬಿಚ್ಚಿದರು. ಅವಳು ಮಡಿಸಿ ಒಳಗಿಟ್ಟಳು.

ಮರುದಿನ ಶಾಲೆಯ ಫಲಕದ ಮೇಲೆ ಪ್ರಕಟಣೆ: "ಶ್ರೀ ಸಟೇಕಿಯವರ ದುಃಖವು ನಿನ್ನೆಯಿಂದ ಮುಕ್ತಾಯಗೊಂಡಿದೆ. ಎಲ್ಲ ವಿದ್ಯಾರ್ಥಿಗಳೂ ಬಣ್ಣ ತರತಕ್ಕದ್ದು."

ಅವನಿಗೆ ಹೂವಿನ ಅಂಗಿ ತೊಡಿಸಲಾಯಿತು. ಕೆಂಪು, ಹಳದಿ, ಹಸಿರು, ನೀಲಿ, ಕಿತ್ತಳೆ. ಮೇಷ್ಟರು ಎರಡು ಸಲ ಎಣಿಸಿ ತೃಪ್ತರಾದರು.

ಆಗ ಒಂದು ತೊಡಕು ಎದ್ದಿತು. ಸಟೇಕಿ ಅಲುಗತೊಡಗಿದ. ಕೈಗಳು ಸುಮ್ಮನಿರವು. ಎದೆ ತಡವುವನು, ಸೊಂಟ ತಡವುವನು, ಎಡಗಡೆ ಏನೋ ಹುಡುಕುವನು.

"ಮಾವ, ಏನು ಕಳೀತು?" ಅಂದಳು ವೈಮೊವಾನಾ.

"ಕೈ ಇಡೋಕೆ ಜಾಗ ಇಲ್ಲ ಕಣಮ್ಮ."

ಮಕ್ಕಳು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದರು. ಕೆಲವರ ಚಿತ್ರದಲ್ಲಿ ಸಟೇಕಿಗೆ ಮೂರು ಕೈ, ಒಬ್ಬನ ಚಿತ್ರದಲ್ಲಿ ಆರು.

ಮಂಡಳಿಯ ಮೌಲ್ಯಮಾಪಕಿ ಸ್ವತಃ ವಿಮಾನದಲ್ಲಿ ಬಂದಿಳಿದರು. ಬಿಸಿಲಿಗೆ ಕೆಂಪಾದ ಹೆಂಗಸು, ಮಾತು ಮೃದು. ಪೆನ್ಸಿಲ್ ಚಿತ್ರಗಳನ್ನೂ ಬಣ್ಣದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಇವನು ಬೇರೆ ಮನುಷ್ಯ," ಅಂದರು.

"ಅವನೇ ಮೇಡಂ. ದುಃಖ ಮಾತ್ರ ತೆಗೆದಿದೀವಿ," ಅಂದರು ಫಿಲಿಮೊನೆ.

"ನಿಯಮದಂತೆ ಮೊದಲಿನಿಂದ ಕೊನೆಯವರೆಗೆ ಒಂದೇ ಮಾದರಿ ಇರಬೇಕು. ದುಃಖವನ್ನು ವಾಪಸು ಹಾಕಿ."

"ಹಾಕಿದ್ರೆ ಬಣ್ಣ ಇರಲ್ಲ."

"ಇರಲೇಬೇಕು." ಅವರು ವೈಮೊವಾನಾಳ ಪೆನ್ಸಿಲ್ ಚಿತ್ರ ಎತ್ತಿದರು. "ಇಲ್ಲೂ ತಪ್ಪಿದೆ. ಚಾಪೆಯ ಎಡ ಮೂಲೆ ಸೊಟ್ಟ."

"ಚಾಪೇನೇ ಹಂಗಿದೆ ಮೇಡಂ," ಅಂದಳು ವೈಮೊವಾನಾ.

"ಹಾಗಾದರೆ ಚಿತ್ರವನ್ನಾದರೂ ತಿದ್ದಿ, ಚಾಪೆಯನ್ನಾದರೂ ತಿದ್ದಿ."

"ಚಾಪೇನ ತಿದ್ದಿಸೋಣ," ಅಂದರು ಮುಖ್ಯೋಪಾಧ್ಯಾಯರು ತಕ್ಷಣ. "ಊರಲ್ಲಿ ಹೆಣೆಯೋರು ಬೇಕಾದಷ್ಟು ಜನ ಇದಾರೆ."

ಹೂವಿನ ಅಂಗಿಯ ಸಟೇಕಿ ಎದ್ದು ನಿಂತ. ಅವನು ಪೀಠದಿಂದ ತಾನಾಗಿ ಎದ್ದದ್ದು ಅದೇ ಮೊದಲು.

"ಅದು ಅವಳ ತಪ್ಪು," ಅಂದ. "ಯಾರೂ ಮುಟ್ಟಬೇಡಿ."

ಮೌಲ್ಯಮಾಪಕಿ ನಿಯಮಾವಳಿ ತೆರೆದು ಮೆಲ್ಲಗೆ ಕೇಳಿದರು.

"ಈತ ಮನುಷ್ಯನೇ ಆಗಿರಬೇಕೆ?"

ವಿಷಯ ಹೀಗಿತ್ತು. ಐದು ಬಣ್ಣದ ನಿಯಮ ಮನುಷ್ಯ ಮಾದರಿಗೆ ಮಾತ್ರ. ಹೂಜಿ, ತಲೆಬುರುಡೆ, ಒಣಗಿದ ಹಲಸು ಮುಂತಾದ ಸ್ಥಿರವಸ್ತುಗಳಿಗೆ ವಿನಾಯಿತಿ ಇದೆ. ಅವು ಯಾವ ಬಣ್ಣದಲ್ಲಿವೆಯೋ ಅದೇ ಬಣ್ಣ. ಸ್ಥಿರವಸ್ತುವಿನ ದೋಷವನ್ನು ಇದ್ದ ಹಾಗೇ ಬರೆದರೆ ಹೆಚ್ಚುವರಿ ಅಂಕವೂ ಉಂಟು.

"ಬಾಳಿಕೆ ಹೇಗೆ?" ಅಂತ ಅವರು ಕೇಳಿದರು.

"ಗಟ್ಟಿ ಇದೆ ಮೇಡಂ," ಅಂದರು ಫಿಲಿಮೊನೆ.

ಸಮಿತಿ ಇನ್ನೂ ದೊಡ್ಡ ಹಂದಿಯೊಂದಿಗೆ, ಸಟೇಕಿಯನ್ನೂ ಕರೆದುಕೊಂಡು, ಟೊವಾಕಾಸೆಯ ಅಂಗಳಕ್ಕೆ ಹೋಯಿತು.

"ಮುಗಿದ ದುಃಖ ಮತ್ತೆ ಶುರು ಮಾಡೋದು ಅಂದ್ರೆ ಹುಡುಗಾಟ್ವಾ?" ಅಂದಳು ಅವಳು.

"ಶುರು ಮಾಡೋದಲ್ಲ ಅವ್ವಾ. ಇವನು ಈಗ ಶಾಲೆ ಸಾಮಾನು."

"ಸಾಮಾನಾ?" ಟೊವಾಕಾಸೆ ಸಟೇಕಿಯನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಹಂಗಾದ್ರೆ ನನಗೆ ಅಧಿಕಾರ ಇಲ್ಲ. ಬೆಂಚಿಗೆಲ್ಲ ನಾನು ಅತ್ತೆ ಆಗಕ್ಕಾಗ್ತದಾ? ಚಾಪೆ ತಗೊಂಡೋಗಿ. ಹಂದಿ ಇರಲಿ."

ಮತ್ತೆ ಕಪ್ಪು ಬಟ್ಟೆ ತೊಡಿಸಿ ಚಾಪೆ ಸುತ್ತಿದರು. ಸಟೇಕಿ ಪೀಠದ ಮೇಲೆ ಕೂತ. ಎಡಗೈ ಸೊಟ್ಟ ಮೂಲೆಯ ಮೇಲೆ ಹೋಗಿ ನಿಂತಿತು. ಮತ್ತೆ ಅಲುಗಲಿಲ್ಲ. ಬೆನ್ನ ಹಿಂದೆ ಒಂದು ತಗಡಿನ ಬಿಲ್ಲೆ ಕಟ್ಟಲಾಯಿತು: "ಕಲಾ ಕೊಠಡಿ. ಕಪ್ಪು. ಒಂದು." ಚಾಪೆಯೂ ವಸ್ತುವಿನ ಭಾಗವೆಂದೂ ಅದನ್ನು ಯಾರೂ, ಎಂದೂ ಬೇರ್ಪಡಿಸತಕ್ಕದ್ದಲ್ಲವೆಂದೂ ಮುಖ್ಯೋಪಾಧ್ಯಾಯರು ಓದಿ ಹೇಳಿದರು.

"ಎಂದೂ ಅಂದ್ರೆ?" ಅಂತ ಕೇಳಿದ ಸಟೇಕಿ.

"ವರ್ಷ ತುಂಬಿದ್ರೂ. ಆದ್ರೆ ಸಾಮಾನು ಮಾತಾಡಬಾರದು ಸಟೇಕಿ."

ಸಟೇಕಿ ಒಪ್ಪಿ ಸುಮ್ಮನಾದ. ಶಾಲೆಗೆ ಒಳ್ಳೆಯ ಅಂಕಗಳು ಬಂದವು. ವೈಮೊವಾನಾಳ ಚಿತ್ರಕ್ಕೆ ಎಲ್ಲರಿಗಿಂತ ಹೆಚ್ಚು. "ನೆರಳು ಪ್ರಬುದ್ಧವಾಗಿದೆ" ಎಂದು ಮಂಡಳಿ ಬರೆಯಿತು.

ಉಳಿದದ್ದು ಒಂದೇ ತೊಂದರೆ. ಸಾಮಾನಾದ ಮೊದಲ ದಿನವೇ ಸಂಜೆ ಅವನು ಮನೆಗೆ ಹೊರಟಾಗ ಗೇಟಿನ ಕಾವಲುಗಾರ ತಡೆದ. ಶಾಲೆಯ ಸಾಮಾನು ಆವರಣ ದಾಟಬೇಕಾದರೆ ಕಳಿಸಿದವರ ಸಹಿ ಬೇಕು. ತಲುಪಿದ ಜಾಗದಲ್ಲಿ ಪಡೆದುಕೊಳ್ಳುವವರ ಹೆಸರೂ ಬೇಕು. ಸಾಮಾನು ತನ್ನನ್ನು ತಾನೇ ಪಡೆದುಕೊಳ್ಳುವಂತಿಲ್ಲ. ಅವನು ಕಲಾ ಕೊಠಡಿಗೆ ಮರಳಿ ಹೂಜಿಯ ಪಕ್ಕ ಕೂತು ಕಾದ. ಸಮಿತಿ ಕಾವಾ ಎಂಬ ಬೇರಿನ ಪಾನೀಯ ಕಲಸಿಕೊಂಡು ಅಲ್ಲೇ ಸಭೆ ಸೇರಿತು.

"ಆ ಮನೇಲಿ ಯಾರಿದಾರೆ?" ಅಂದರು ಮುಖ್ಯೋಪಾಧ್ಯಾಯರು.

"ಯಾರೂ ಇಲ್ಲ," ಅಂದಳು ವೈಮೊವಾನಾ.

"ಯಾರೂ ಇಲ್ಲದ ಮನೆಗೆ ಸರ್ಕಾರಿ ಸಾಮಾನು ಕಳಿಸೋಕಾಗಲ್ಲ."

ಪಾದ್ರಿಗಳು ಕೆಮ್ಮಿದರು. "ನಮ್ಮ ಚರ್ಚಿನ ಪಟ್ಟೀಲಿ ಲೂಪೆ ಹೆಸರು ಇನ್ನೂ ತೆಗೆದಿಲ್ಲ. ಕೆಲಸ ಬಾಕಿ ಇದೆ. ಪಟ್ಟಿ ಪ್ರಕಾರ ಆಕೆ ಮನೇಲೇ ಇದಾಳೆ."

ಎಲ್ಲರೂ ಯೋಚಿಸಿದರು. ಯಾರಿಗೂ ತಪ್ಪು ಕಾಣಲಿಲ್ಲ. ಸಾಮಾನಿನ ಅಭಿಪ್ರಾಯ ಕೇಳುವ ಪದ್ಧತಿ ಇಲ್ಲವಾದ್ದರಿಂದ ಸಟೇಕಿಯನ್ನು ಕೇಳಲಿಲ್ಲ. ಪಡೆದುಕೊಳ್ಳುವವರು ಎಂಬ ಕಡೆ ಲೂಪೆ ಎಂದು ಬರೆಯಲು ಕಾವಲುಗಾರನಿಗೆ ಆದೇಶವಾಯಿತು.

ಅಂದಿನಿಂದ ಗಂಟೆ ಹೊಡೆದ ಮೇಲೆ ಸಟೇಕಿಯನ್ನು ಲೂಪೆಗೆ ಕಳಿಸಲಾಗುತ್ತಿದೆ. ಬೆಳಿಗ್ಗೆ ಆಕೆ ವಾಪಸು ಕಳಿಸುತ್ತಾಳೆ. ವಸ್ತುವಿಗೆ ಹಾನಿಯಾದ ಬಗ್ಗೆ ಈವರೆಗೆ ಎರಡೂ ಕಡೆಯಿಂದ ದೂರು ಬಂದಿಲ್ಲ.