ಯಾರಿಗೆ ನೋಡಾಕ, ಯಾರಿಗೆ ತಿದ್ದಾಕ

ಕಂಪ್ಯೂಟರ್ ಕೆಲಸ ಅಂದ್ರ ಫ್ಯಾನಿನ ಬುಡಕ ಕುಂತು ಗುಂಡಿ ಒತ್ತೂದು ಅಂತ ತಿಳಕೊಂಡಾವ್ರು ಯಾರರೆ ಇದ್ರ, ಅವ್ರಿಗೆ ದಾಂಡೇಲಿಯೊಳಗ ನಾ ಕಳದ ಎರಡು ವರ್ಷ ಬರಬೇಕಾಗಿತ್ತು. ದಿನಾ ಬೆಳಗಾದ್ರ ಒಂದಿಲ್ಲೊಂದು ನಡೀತಿತ್ತು. ಖರೇ ಹೇಳ್ತೇನಿ, ತಪ್ಪು ಯಾರೇ ಮಾಡಿರ್ಲಿ, ಕಡೀಕ ಶಾಣ್ಯಾರಾಗಿ ಎದ್ದು ಹೋಗಾವ್ರು ಅಲ್ಲೀ ಮಂದಿ, ದಡ್ಡನಾಗಿ ಕುಂದ್ರಾವ ನಾನು.

ಎರಡು ಸಾವಿರದ ಎಂಟು-ಒಂಬತ್ತರ ಮಾತು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ತಮ್ಮ ಮನ್ಯಾಗ ಪ್ರವಾಸಿಗರನ್ನ ಇಳಿಸಿಕೊಳ್ಳೋ ಒಂಬತ್ತು ಮನಿಯಾವ್ರು ಕೂಡಿ ಒಂದು ಸಂಘ ಕಟ್ಟಿದ್ರು. ಅಲ್ಲೀತನಕ ಬುಕಿಂಗ್ ಎಲ್ಲಾ ಬಾಯಿಮಾತು. ಒಂದ ಕೋಲಿಗೆ ಎರಡು ಕುಟುಂಬ ಬಂದು ನಿಂತು, ಸೂಟಕೇಸ್ ಅಂಗಳದಾಗ ಇಟ್ಟು ಜಗಳಾಡಿ ಹೋಗತಿದ್ರು. ಅದಕ್ಕ ನನ್ನ ಕರದ್ರು. ನಾ ಸಂಘಕ್ಕೊಂದು ಆನ್‌ಲೈನ್ ಕ್ಯಾಲೆಂಡರ್ ಮಾಡಿ, ಅದಕ್ಕೂ ಬುಕಿಂಗ್ ವೆಬ್‌ಸೈಟಿಗೂ ನಡುವ ಒಂದು ಪ್ರೋಗ್ರಾಮ್ ಕಟ್ಟಿದೆ. ಕ್ಯಾಲೆಂಡರಿನ್ಯಾಗ ಬರದ ದಿನ ವೆಬ್‌ಸೈಟಿನ್ಯಾಗ ಭರ್ತಿ ಅಂತ ಕಾಣತಿತ್ತು. ಕ್ಯಾಲೆಂಡರನ್ನ ಯಾರು ಬರೇ ನೋಡಬೇಕು, ಯಾರು ತಿದ್ದಬೇಕು, ಯಾರು ಮತ್ತೊಬ್ಬರಿಗೆ ಹಕ್ಕು ಕೊಡಬೇಕು ಅಂತ ಒಂದು ಯಾದ್ಯಾಗ ಬರದ್ರ ಸಾಕು, ಪ್ರೋಗ್ರಾಮ್ ತಾನ ಎಲ್ಲಾರಿಗೂ ಹಕ್ಕು ಹಚ್ಚತಿತ್ತು.

ಅಧ್ಯಕ್ಷರು ಹಳಿಯಾಳದ ಹಿರೇ ವ್ಯಾಪಾರಸ್ಥರು, ಹಣಿ ತುಂಬ ವಿಭೂತಿ, ಹೆಗಲ ಮ್ಯಾಲ ಶಾಲು. ಮೊದಲನೇ ದಿನಾನ ಹೇಳಿಬಿಟ್ರು: "ಮಾಸ್ತರ, ದಸರಾ ಸೂಟಿ ಮುಗಿಯೂತನಕ ನೋಡ್ತೇವಿ. ಅಷ್ಟರಾಗ ನಿಮ್ಮ ತಪ್ಪಿನಿಂದ ಒಂದರೆ ಗಡಿಬಿಡಿ ಆತಂದ್ರ ಕಂಪ್ಯೂಟರೂ ಹೊರಗ, ನೀವೂ ಹೊರಗ."

ನಾ ಟೈಪಿಂಗ್ ಕ್ಲಾಸಿನ ಮಾಸ್ತರಕಿ ಬಿಟ್ಟು ಬಂದಿದ್ದೆ. ಮನ್ಯಾಗ ಹೆಂಡತಿ ಏಳು ತಿಂಗಳ ಬಸರಿ. ಈ ನೌಕರಿ ಹೋದ್ರ ಆಕೀಗೆ ಹೆಂಗ ಮಾರಿ ತೋರಸಲಿ ಅನ್ನೂದ ನನಗ ಚಿಂತಿ.

ಬೀಗರಿಗೆ ಬಂದ ಮೇಲ್

ಯಾದಿಯ ಪ್ರಿಂಟ್ ಅಧ್ಯಕ್ಷರ ಕೈಯಾಗ ಕೊಟ್ಟೆ. ಕನ್ನಡಕ ಏರಿಸಿ ನೋಡಿದ್ರು. ಮಾರಿ ಕೆಂಪಾತು.

"ನನ್ನ ಹೆಸರು ಜೀಪಿನ ಡ್ರೈವರನ ಕೆಳಗ ಯಾಕ ಐತಿ?"

"ಅದು ಇಂಗ್ಲಿಷ್ ಅಕ್ಷರದ ಪ್ರಕಾರ ಬರ್ತೈತ್ರಿ."

"ಲಗ್ನಪತ್ರಿಕಾದಾಗ ಹಂಗ ಹಾಕ್ತಾರೇನು? ಹಿರೇರು ಮ್ಯಾಲ ಬರಬೇಕೋ ಬ್ಯಾಡೋ?"

ಪ್ರೋಗ್ರಾಮ್ ತಿದ್ದಿ ಅವ್ರನ್ನ ಮ್ಯಾಲ ಕುಂದ್ರಿಸಿದೆ. ಅಷ್ಟಕ್ಕ ಮುಗೀಲಿಲ್ಲ. ತಮ್ಮಂದ್ರು, ಅಳಿಯಂದ್ರು, ಹುಬ್ಬಳ್ಳಿ ಬೀಗರು, ಎಲ್ಲಾರ ಹೆಸರೂ ಹಾಕ್ಸಿದ್ರು. "ಇವ್ರಿಗೆಲ್ಲಾ ಕ್ಯಾಲೆಂಡರ್ ಯಾಕ್ರಿ?" ಅಂತ ಕೇಳಿದ್ರ, "ತಮ್ಮನ ಹೆಸರು ಹಾಕಿ ಬೀಗರನ್ನ ಬಿಡಾಕ ಬರ್ತೈತೇನು? ನಿಮಗ ಇನ್ನ ಮಂದಿ ಗೊತ್ತಿಲ್ಲ" ಅಂದ್ರು.

ಪ್ರೋಗ್ರಾಮಿಗೆ ಮಂದಿ ಯಾರು ಅನ್ನೂದು ಏನು ಗೊತ್ತು? ಎಲ್ಲಾರಿಗೂ ಒಂದೊಂದು ಮೇಲ್ ಹೊಡೀತು, ಇಂಥಾವ್ರು ತಮ್ಮ ಕಾರ್ಯಕ್ರಮಗಳನ್ನ ನೋಡಾಕ ನಿಮ್ಮನ್ನ ಆಹ್ವಾನಿಸ್ಯಾರ ಅಂತ. ಮುಂದಿನ ಐತವಾರ ಹುಬ್ಬಳ್ಳಿ ಬೀಗರು ಹೆಂಡರು ಮಕ್ಕಳು ಸಮೇತ, ಒಂದು ಸೀರಿ, ಒಂದು ಧೋತರ ಜೋಡು, ಎರಡು ಸ್ಟೀಲಿನ ಕೊಡ ಹಿಡಕೊಂಡು ಹಳಿಯಾಳದಾಗ ಇಳದ್ರು. "ಆಹ್ವಾನ ಬಂತ್ರಿ. ಯಾರ ಲಗ್ನ ಅಂತ ಬರದಿರಲಿಲ್ಲ, ಅದಕ್ಕ ಎರಡೂ ಕಡೇರಿಗೂ ತಂದೇವಿ."

ನಾ ಸುದ್ದಿ ಕೇಳಿ ಓಡಿ ಹೋದೆ, ಬೈಸಿಕೊಳ್ಳಾಕ ತಯಾರಾಗಿ. ಅಧ್ಯಕ್ಷರು ಪಂಕ್ತಿ ಹಾಕ್ಸಿ, ತಾವ ನಿಂತು ಹೋಳಿಗಿ ಬಡಸಾಕತ್ತಿದ್ರು. ನನ್ನ ನೋಡಿ, "ಏನ್ರಿ ಮಾಸ್ತರ, ಲಗ್ನ ಇಲ್ಲಂದ್ರ ಬೀಗರು ಊಟ ಮಾಡಬಾರ್ದೇನು? ಕುಂದ್ರಿ ನೀವೂ" ಅಂದ್ರು. ದೊಡ್ಡ ಮನಸ್ಸು ಅಂದ್ರ ಅದು. ನಾ ನಾಕು ಹೋಳಿಗಿ ತಿಂದೆ.

ಡ್ರೈವರನ ಸಾಸುರವಾಡಿ

ನಮ್ಮ ಸಂಘದ ಜೀಪಿನ ಡ್ರೈವರ್ ದಾಂಡೇಲಿಯಾವ. ಕಾಡಿನ ರಸ್ತಾದಾಗ ಕಣ್ಣು ಮುಚ್ಚಿ ಗಾಡಿ ಹೊಡಿಯೋ ಗಟ್ಟಿ ಆಳು. ಅವನಿಗೆ ಬರೇ ನೋಡೋ ಹಕ್ಕು ಕೊಟ್ಟಿದ್ದೆ. ಬಂದು ಎದುರಿಗೆ ನಿಂತ.

"ಮಾಸ್ತರ್ ಸಾಬ್, ನಂಬಿಕಿ ಇಲ್ಲೇನು? ಒಂಬತ್ತು ಮನಿಗೆ ಬಂದಿಳಿಯೋ ಪಾವಣೇರ ಜೀವ ನನ್ನ ಸ್ಟೇರಿಂಗ್‌ನ್ಯಾಗ ಇರ್ತದ. ಈ ಕ್ಯಾಲೆಂಡರ್ ಮುಟ್ಟಿದ್ರ ಕೆಟ್ಟು ಹೋಗ್ತದೇನು?"

ಆ ಮಾತಿಗೆ ನಾ ಕರಗಿದೆ. ತಿದ್ದೋ ಹಕ್ಕು ಕೊಟ್ಟೆ. ಅವ ಎಷ್ಟು ಪ್ರಾಮಾಣಿಕ ಅಂದ್ರ, ಏನೂ ಮುಚ್ಚಿಡಲಿಲ್ಲ. ಟಾಯರ್ ಪಂಕ್ಚರ್, ಅರ್ಧಾ ತಾಸು. ಕಟಿಂಗ್, ಒಂದು ತಾಸು. ಸಾಸುರವಾಡಿ, ಮೂರು ದಿನ. ಎಲ್ಲಾ ಸಂಘದ ಕ್ಯಾಲೆಂಡರಿನ್ಯಾಗ ಬರದ. ಯಾವ ಮನಿ ಅಂತ ಹೆಸರಿಲ್ಲದ ಬರದದ್ದು ಎಲ್ಲಾ ಮನಿಗೂ ಲಾಗೂ ಅಂತ ನನ್ನ ಪ್ರೋಗ್ರಾಮ್ ತಿಳಕೊಂತು. ಅವ ಹೆಂಡತಿ ತವರಿಗೆ ಹೋದದ್ದ ತಡ, ಒಂಬತ್ತೂ ಮನಿ ವೆಬ್‌ಸೈಟಿನ್ಯಾಗ ಭರ್ತಿ!

ಮಾಲಕರಿಗೆಲ್ಲಾ ಖುಷಿಯೋ ಖುಷಿ. ಒಬ್ಬರಿಗೊಬ್ಬರು ಫೋನ್ ಮಾಡಿ "ನಮ್ಮದು ಫುಲ್ ಐತ್ರಿ", "ನಮ್ಮದೂ ಫುಲ್" ಅನ್ನೂದೇನು! ಕೋಳಿ ಕೊಯ್ದು, ಹಾಸಿಗಿ ಝಾಡಿಸಿ, ದಾರಿ ನೋಡಿಕೋಂತ ಕುಂತ್ರು. ಒಂದು ನರಪಿಳ್ಳಿ ಬರಲಿಲ್ಲ.

ಇದನ್ನ ಬಿಡಿಸಿದಾಕಿ ಗಣೇಶಗುಡಿ ಊರಿನ ವೈನಿ; ಅತ್ತಿಗಿ ಲೆಕ್ಕದಾಗ ಎಲ್ಲಾರೂ ಆಕೀಗೆ ವೈನಿ ಅಂತಿದ್ರು. ಜೋಯಿಡಾ ಕಡಿಯಾಕಿ, ಮನಿಮಾತು ಕೊಂಕಣಿ, ಐದು ಕೋಲಿ ಇಟ್ಟಿದ್ಲು. ನಾ ಡ್ರೈವರನ ಹಕ್ಕು ಕೀಳತೇನಿ ಅಂದಾಗ ಆಕಿ ತಡದ್ಲು. "ಅರೆ ದೇವಾ, ಕೊಟ್ಟು ಕಸಗೋಬ್ಯಾಡ್ರಿ ಮಾಸ್ತರ, ಮನಸ್ಸು ಮುರೀತೈತಿ. ಅವಂಗ ಅವಂದ ಒಂದು ಕ್ಯಾಲೆಂಡರ್ ಮಾಡಿ ಕೊಡ್ರಿ, ಪೂರ್ತಿ ಹಕ್ಕು ಕೊಡ್ರಿ. ನೀವು ಬರೇ ನೋಡ್ರಿ."

ಹಂಗ ಮಾಡಿದೆ. ಆಮ್ಯಾಲ ಸಂಘದಾಗ ಅವನಷ್ಟು ಚೊಕ್ಕ ಕ್ಯಾಲೆಂಡರ್ ಇಟ್ಟಾವ ಇನ್ನೊಬ್ಬ ಇಲ್ಲ. ಕಟಿಂಗ್ ಯಾವಾಗ ಅಂತ ಕೇಳಿದ್ರ ಮುಂದಿನ ವರ್ಷದ್ದೂ ಹೇಳತಿದ್ದ.

ಪಾಳಾದ ಅಪ್ಪ

ಮುಂಡಗೋಡ ಕಡೆ ಪಾಳಾ ಅನ್ನೋ ಊರಿನ ಒಬ್ಬ ರೈತ ಹೊಲದಾಗ ಎರಡು ಕೋಲಿ ಕಟ್ಟಿದ್ದ. ಅವನ ಮನಿ ಕ್ಯಾಲೆಂಡರ್ ಸಂಘಕ್ಕ ಕೂಡಬೇಕಂದ್ರ ಅದರ ಮಾಲಕ ತನ್ನ ಮೇಲ್‌ನಿಂದ ಒಪ್ಪಿಗಿ ಕೊಡಬೇಕಿತ್ತು. ವಾರಾತು, ಎರಡು ವಾರಾತು, ಒಪ್ಪಿಗಿ ಇಲ್ಲ. ಮುಂಡಗೋಡದ ಬಸ್ ಹತ್ತಿ ಹೋದೆ.

"ಮಾಲಕರು ಯಾರ್ರಿ?"

"ನಮ್ಮಪ್ಪ."

"ಕರೀರಿ."

"ತೀರಿಕೊಂಡು ಹನ್ನೊಂದು ವರ್ಷಾತ್ರಿ."

ಜಮೀನಿನ ಪಹಣಿ ಉತಾರ ಇನ್ನೂ ಅಪ್ಪನ ಹೆಸರಲೆ ಐತಿ, ಕ್ಯಾಲೆಂಡರ್ ನನ್ನ ಹೆಸರಲೆ ಮಾಡಿದ್ರ ನಾಳೆ ತಮ್ಮಂದ್ರು ತಕರಾರು ತಗದಾರು ಅಂತ, ಈ ಪುಣ್ಯಾತ್ಮ ಸತ್ತ ಅಪ್ಪನ ಹೆಸರಲೆ ಮೇಲ್ ತಗದು ಅದರಿಂದ ಕ್ಯಾಲೆಂಡರ್ ಮಾಡಿದ್ದ. ಪಾಸ್‌ವರ್ಡ್ ಮರತಿದ್ದ. ಕಂಪ್ಯೂಟರ್ ಗುಟ್ಟಿನ ಪ್ರಶ್ನಿ ಕೇಳ್ತು: ನೀವು ಮೊದಲು ಕಲಿತ ಶಾಲಿ ಯಾವುದು?

ಪಾಳಾದ ಶಾಲಿ ಹೊಡದೆ, ಆಗಲಿಲ್ಲ. ಮುಂಡಗೋಡದ್ದು ಹೊಡದೆ, ಆಗಲಿಲ್ಲ. ನನ್ನ ತಲಿ ಕೆಟ್ಟು ಕೆರಾ ಹಿಡೀತು. "ನೀ ಕಲಿತದ್ದ ಎಲ್ಲೋ ಮಾರಾಯಾ?" ಅಂತ ಒದರಿದೆ.

"ನಂದ್ಯಾಕ ಹಾಕಲಿ ಮಾಸ್ತರ? ಅಪ್ಪನ ಹೆಸರಲೆ ತಗದ ಮ್ಯಾಲ ಅಪ್ಪನ ಉತ್ತರಾನ ಕೊಡಬೇಕಲ್ಲ? ಸುಳ್ಳು ಬರ್ಯಾಕ ಬರ್ತೈತೇನು?"

"ಹಂಗಾರ ಅಪ್ಪ ಕಲಿತದ್ದು ಎಲ್ಲಿ?"

"ಅಂವ ಸಾಲೀಗೆ ಹೋಗಿಲ್ರಿ."

ಬಾಗಲದಾಗ ಕುಂತಿದ್ದ ಅವರವ್ವ, "ಹಂಗ ಬರಿ, ಹೋಗಿಲ್ಲ ಅಂತ" ಅಂದ್ಲು. "ಹೋಗಿಲ್ಲ" ಅಂತ ಇಂಗ್ಲಿಷ್ ಅಕ್ಷರದಾಗ ಹೊಡದೆ. ಭಡಕ್ಕನ ಬಾಗಲ ತಗೀತು!

ದಸರಾ ಶನಿವಾರ

ಇಷ್ಟೂ ಮಂದಿಯ ತಪ್ಪು ಕೂಡಿಸಿದ್ರೂ ನಾ ಮಾಡಿದ್ದರ ಮುಂದ ಏನೂ ಅಲ್ಲ. ದಸರಾ ಸೂಟಿ, ಶನಿವಾರ ಮುಂಜಾನಿ, ಒಂಬತ್ತೂ ಮನಿ ಈ ಸರ್ತೆ ಖರೇನ ಭರ್ತಿ. ಯಾದಿ ಹೊಲಸಾಗೇತಿ, ಒಂದ್ಸಲ ಎಲ್ಲಾರ ಹಕ್ಕೂ ಕಿತ್ತು ಹೊಸದಾಗಿ ಹಚ್ಚೂಣು ಅಂತ ಅವತ್ತ ನನಗ ಬುದ್ಧಿ ಹುಟ್ಟಬೇಕೇನು? ಗುಂಡಿ ಒತ್ತಿದೆ. ಕೀಳೂದು ಮುಗೀತು. ಹಚ್ಚೂದು ಶುರು ಆಗೂದ್ರಾಗ ಲೈಟ್ ಹೋತು.

ಅರ್ಧಾ ತಾಸಿಗೆ ಲೈಟ್ ಬಂತು. ಕ್ಯಾಲೆಂಡರ್ ತಗದ್ರ, ನಿಮಗ ನೋಡಾಕ ಹಕ್ಕಿಲ್ಲ ಅಂತು. ನನ್ನ ಹಕ್ಕೂ ನಾನ ಕಿತ್ತಿದ್ದೆ! ಪ್ರೋಗ್ರಾಮಿಗೂ ಕ್ಯಾಲೆಂಡರ್ ಕಾಣವಲ್ದು, ವೆಬ್‌ಸೈಟ್ ಎಲ್ಲಾ ಕೋಲಿ ಖಾಲಿ ಅಂತ ಸಾರಾಕತ್ತಿತ್ತು. ಫೋನಿನ ಮ್ಯಾಲ ಫೋನ್. "ಮಾಸ್ತರ, ಏನೂ ಕಾಣವಲ್ದು!" ಹೆಂಡತಿ ಮಾರಿ ಕಣ್ಣ ಮುಂದ ಬಂತು.

ಆಗ ನೆನಪಾತು. ಆ ಕ್ಯಾಲೆಂಡರನ್ನ ಮೊಟ್ಟಮೊದಲ ಹುಟ್ಟಿಸಿದ್ದು ವೈನಿ ಮೇಲ್‌ನಿಂದ, ಆ ದಿನ ನನ್ನ ಜೋಡಿ ಕುಂದ್ರಾಕ ತಾಳ್ಮಿ ಇದ್ದಾಕಿ ಆಕಿ ಒಬ್ಬಾಕೀನ. ಹುಟ್ಟಿಸಿದಾವ್ರ ಹಕ್ಕು ಯಾವ ಪ್ರೋಗ್ರಾಮಿಗೂ ಕೀಳಾಕ ಬರೂದಿಲ್ಲ. ಫೋನ್ ಹಚ್ಚಿದೆ. ಆಕಿ ಮೀನಿನ ಸಾರು ಒಲಿ ಮ್ಯಾಲಿಂದ ಇಳಿಸಿ, ಬಾಜೂಕಿನ ರಾಫ್ಟಿಂಗ್ ಆಫೀಸಿನ ಕಂಪ್ಯೂಟರ್ ಮುಂದ ಕುಂತ್ಲು.

"ಎಲ್ಲಾರ್ದೂ ಕಿತ್ರಿ?"

"ಹೂಂರಿ."

"ನಿಮ್ದೂ?"

"ನಂದೂ."

ಆಕಿ ಯಾದಿ ಇಲ್ಲದ, ನೆನಪಿನ ಮ್ಯಾಲ, ಒಬ್ಬೊಬ್ಬರ ಹೆಸರು ಹೇಳಿಕೋಂತ ಎಲ್ಲಾರಿಗೂ ಹಕ್ಕು ಹಚ್ಚಿದ್ಲು. ಒಂದೂ ತಪ್ಪಲಿಲ್ಲ. ಕಡೀಕ ನನ್ನ ಪಾಳಿ ಬಂತು.

"ನಿಮಗ ನೋಡಾಕಷ್ಟ."

"ವೈನಿ, ಪ್ರೋಗ್ರಾಮ್ ನಡೀಬೇಕಂದ್ರ ಪೂರ್ತಿ ಹಕ್ಕು ಬೇಕ್ರಿ!"

"ಪ್ರೋಗ್ರಾಮಿಗೆ ಬ್ಯಾರೆ ಮೇಲ್ ಐತಲ್ಲ, ಅದಕ್ಕ ಪೂರ್ತಿ ಕೊಟ್ಟೇನಿ. ಪಾಪ, ಅದರದೇನು ತಪ್ಪೈತಿ? ನಿಮಗ ನೋಡಾಕಷ್ಟ."

ಅಷ್ಟರಾಗ ಬೆಳಗಾವಿ ಕುಟುಂಬ ಒಂದು ಭರ್ತಿ ಇದ್ದ ಕೋಲಿ ಹಿಡದಿತ್ತು. ವೈನಿ ಅವ್ರಿಗೆ ತಾನು ಮಲಗೋ ಕೋಲಿ ಬಿಟ್ಟುಕೊಟ್ಟು, ಎರಡು ದಿನ ಅಡಗಿಮನ್ಯಾಗ ಚಾಪಿ ಹಾಸಿಕೊಂಡ್ಲು. ನನಗ ಕಣ್ಣಾಗ ನೀರು ಬಂತು, ಸುಳ್ಳು ಯಾಕ ಹೇಳಲಿ.

ಸೂಟಿ ಮುಗದ ಮ್ಯಾಲ ಸಭಾ ಕೂಡ್ತು. ಅಧ್ಯಕ್ಷರು ನನ್ನ ಕಡೆ ತಿರುಗಿದ್ರು. "ಆ ಶನಿವಾರ ಎಲ್ಲಾರ ಪರದೆ ಖಾಲಿ ಆಗಿತ್ತು. ಏನಾಗಿತ್ತು ಮಾಸ್ತರ?"

ವೈನಿ ಎದ್ದು ನಿಂತ್ಲು.

"ನಾ ಹೇಳ್ತೇನಿ ಕೇಳ್ರಿ. ಎಲ್ಲಾರಿಗೂ ಹೊಸದಾಗಿ ಹಂಚೂಣು ಅಂತ ಮಾಸ್ತರು ಎಲ್ಲಾರ ಹಕ್ಕೂ ತಗದ್ರು. ತಮ್ಮದೂ ಬಿಡಲಿಲ್ಲ, ತಗದ್ರು! ಅಧಿಕಾರ ಕೈಯಾಗ ಇದ್ದಾವ್ರು ತಮ್ಮ ಕೈಲೆ ತಮ್ಮದು ತಗದದ್ದು ನೀವು ಎಲ್ಲೆರೆ ನೋಡೀರೇನು?"

ಅಧ್ಯಕ್ಷರು ಕುರ್ಚಿ ಬಿಟ್ಟು ಎದ್ರು. "ಇಂಥಾ ಮನಶ್ಯಾನ್ನ ಹೊರಗ ಹಾಕೂದಾ? ಸಂಘ ಕಟ್ಟಿದಾಗಿಂದ ನನಗ ಈ ಕುರ್ಚಿ ಬಿಡಾಕ ಆಗವಲ್ದು!" ಅಂತ ತಮ್ಮ ಹೆಗಲಿನ ಶಾಲು ತಗದು ನನಗ ಹೊಚ್ಚಿದ್ರು. ನೌಕರಿ ಕಾಯಂ ಆತು. ಎಲ್ಲಾರೂ ಚಪ್ಪಾಳಿ ಹೊಡದ್ರು.

ನಾ ಮೆಲ್ಲಕ ವೈನಿ ಕಡೆ ಬಾಗಿ, "ಇನ್ನರೆ ತಿದ್ದೋ ಹಕ್ಕು ಕೊಡ್ರಿ" ಅಂದೆ.

ಚಪ್ಪಾಳಿ ನಿಲ್ಲಸದ ಹೇಳಿದ್ಲು: "ಶಾಲು ಬಂತಲ್ಲ ಮಾಸ್ತರ, ಹೊಚ್ಚಿಕೊಂಡು ಬೆಚ್ಚಗ ಕುಂತು ನೋಡ್ರಿ."