ಸಿಂಹದ ಮೂಗು

ನಮ್ಮ ಕಾಕಾ ಎರಡು ಸಂಸಾರ ಮಾಡಿದವರು! ಇದು ನನ್ನ ಚಾಡಿಯಲ್ಲ. ಅವರ ಹೆಂಡತಿ, ಅಂದರೆ ನಮ್ಮ ಚಿಗವ್ವನೇ ಜಮಖಂಡಿ ತುಂಬ ಹೇಳಿಕೊಂಡು ಬಂದ ಮಾತು. "ನನ್ನ ಸವತಿ ಭಾಳ ಚೆಂದ ಅದಾಳವಾ. ಕಲ್ಲಿನ ಮೈ, ಸಾಗವಾನಿ ತಲಿ!" ಸವತಿ ಯಾರು ಅಂತೀರಿ? ಸಂಸ್ಥಾನದ ಕಾಲದ ಹಳೇ ಕಚೇರಿ. ಕಾಕಾ ಅಲ್ಲಿ ಗುಮಾಸ್ತರಾಗಿದ್ದರು.

ಗುಮಾಸ್ತರೇನು, ಮಾವನ ಮನೆಗೆ ಹೊರಟ ಹೊಸ ಅಳಿಯನ ಹಾಗೆ ಹೋಗುತ್ತಿದ್ದರು! ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ್ತಿಲಲ್ಲೇ ಚಪ್ಪಲಿ. ಯಾರಾದರೂ ಬೂಟು ಟಕಟಕ ಅನ್ನಿಸಿದರೆ, "ಸಾವಕಾಶ ನಡೀರಿ, ನೆಲಕ್ಕ ನೋವಾಕ್ಕೈತಿ" ಎನ್ನುವವರು.

ಒಮ್ಮೆ ಹಿಪ್ಪರಗಿಯ ರೈತನೊಬ್ಬ ಹೊಲದ ಉತಾರ, ಅಂದರೆ ಪಹಣಿ ಕಾಗದ, ಬೇಕೆಂದು ಬಂದ. ಕಾಕಾ ಅವನ ಕೈ ಹಿಡಿದು ಹೊರಟೇಬಿಟ್ಟರು. ಇಪ್ಪತ್ನಾಲ್ಕು ಕಂಬ ಎಣಿಸಿ ತೋರಿಸಿದರು. ಒಂದೊಂದು ಕಮಾನಿಗೂ ಬೇರೆ ಬೇರೆ ಬಳ್ಳಿ ಕೊರೆದದ್ದು, ಮಾಳಿಗೆಯ ಸಾಗವಾನಿ ಕಮಲ, ಬಣ್ಣದ ಗಾಜಿನಿಂದ ನೆಲಕ್ಕೆ ಬಿದ್ದ ಕೆಂಪು ಬಿಸಿಲು, ಕಡೆಗೆ ಬಾಗಿಲ ಮೇಲಿನ ಎರಡು ಕಲ್ಲಿನ ಸಿಂಹ, ಒಂದನ್ನೂ ಬಿಡಲಿಲ್ಲ. ಪಾಪ, ಅವನು ಎಲ್ಲಕ್ಕೂ ಹೂಂಗುಟ್ಟಿ, ಕೈ ಮುಗಿದು ಕೇಳಿದ: "ಎಲ್ಲಾ ಛಲೋ ಐತ್ರಿ ಸಾಹೇಬ್ರ. ಇದರಾಗ ನನ್ನ ಹೊಲ ಎಲ್ಲೈತ್ರಿ?"

ಕಚೇರಿ ಹೊಸ ಕಟ್ಟಡಕ್ಕೆ ಹೋಯಿತು, ಕಾಕಾ ನಿವೃತ್ತರಾದರು, ಹಳೆಯದಕ್ಕೆ ಬೀಗ ಬಿತ್ತು. ಅದೇ ಮಳೆಗಾಲದಲ್ಲಿ ಎಡಗಡೆ ಸಿಂಹದ ಮೂಗು ಕಳಚಿ ಬಿತ್ತು. ಕಾಕಾ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮನೆಗೆ ತಂದರು. ಸವತಿಯ ಮೂಗು ಎಂದು ಗೊತ್ತಾದರೆ ಚಿಗವ್ವ ತಿಪ್ಪೆಗೆ ಎಸೆಯದೆ ಬಿಡುತ್ತಾಳೆಯೇ? ಅದಕ್ಕೇ ಒಂದು ಸುಳ್ಳು ಹೊಡೆದರು: "ಶ್ರೀಶೈಲದಿಂದ ಬಂದ ಲಿಂಗ ಐತಿ." ಮುಗಿಯಿತು! ಮೂಗು ದೇವರ ಜಗಲಿ ಏರಿತು. ದಿನಾ ನೀರು, ವಿಭೂತಿ, ಬಿಲ್ವಪತ್ರೆ, ಸೋಮವಾರ ಹಾಲು. ಯಾವ ಸಿಂಹದ ಮೂಗಿಗೆ ಇಂಥ ಯೋಗ ಇದ್ದೀತು ಹೇಳಿ!

ಏಳು ವರ್ಷ ಹೀಗೇ ನಡೆಯಿತು. ಹೋದ ವರ್ಷ ಕಟ್ಟಡ ರಿಪೇರಿ ಮಾಡಿ ಗ್ರಂಥಾಲಯ ತೆರೆಯುತ್ತಾರೆಂದು ಸುದ್ದಿ ಬಂತು. ಕಾಕಾ ಕುಣಿಯುವುದೊಂದು ಬಾಕಿ! ನನ್ನನ್ನೂ ಎಳೆದುಕೊಂಡು ಓಡಿದರು. ಎಂಜಿನಿಯರು ಬಾಗಿಲ ಮೇಲೆ ನೋಡಿ, "ಮೂಗಿಲ್ಲದ ಸಿಂಹ ಚೆಂದ ಕಾಣೂದಿಲ್ರಿ. ನಾಳೆ ಎರಡೂ ಒಡದು ಸಪಾಟ ಮಾಡಿಬಿಡ್ತೀವಿ" ಎಂದರು.

"ಮೂಗು ಐತ್ರಿ!" ಕಾಕಾ ಚೀರಿದರು.

"ಎಲ್ಲೈತ್ರಿ?"

ಕಾಕಾ ನನ್ನ ಮುಖ ನೋಡಿದರು. ದೇವರಾಗಿ ಕೂತ ಮೂಗನ್ನು ಜಗಲಿಯಿಂದ ಇಳಿಸುವುದು ಹೇಗೆ?

ಮನೆಗೆ ಬಂದು ತಲೆ ತಗ್ಗಿಸಿ ನಿಂತರು. "ಲೇ, ಅದು... ಲಿಂಗ ಅಲ್ಲ."

ಚಿಗವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಲಿಂಗಕ್ಕ ಮೂಗಿನ ಹೊಳ್ಳಿ ಇರತಾವೇನ್ರಿ, ಅದೂ ಎರಡು?"

"ಮತ್ತ ಏಳು ವರ್ಷ ಪೂಜಿ ಯಾಕ ಮಾಡಿದಿ?"

"ತಂದ ದಿನ ಅದನ್ನ ಎದಿಗೆ ಅವಚಿಗೊಂಡು ಅತ್ತಿದ್ರಿ. ನೀವು ಅಳೂದು ನಾ ನೋಡಿದ್ದು ಅದೊಂದ ಸಲ. ಅಂಥಾದ್ದನ್ನ ಎಲ್ಲಿ ಇಡ್ಲಿ ಮತ್ತ, ಹಿತ್ತಲದಾಗ ಇಡ್ಲೇನು?"

ಆಕೆಯೇ ಮೂಗನ್ನು ಇಳಿಸಿ, ಹೊಸ ಕುಪ್ಪಸದ ಖಣದಲ್ಲಿ ಸುತ್ತಿಕೊಂಡು, ತಾನೂ ಹೊರಟಳು. ಒಂದು ದಿನವೂ ಆ ಕಚೇರಿಯ ಮೆಟ್ಟಿಲು ಹತ್ತದವಳು!

ಕಲ್ಲುಕೆಲಸದ ಗೌಂಡಿ ಏಣಿ ಹತ್ತಿ ಮೂಗು ಕೂಡಿಸಿದ. ಸರಿಯಾಗಿ ಕೂತಿತು. "ವಿಭೂತಿ ಒರಸ್ಲೇನ್ರಿ ಯವ್ವಾ?" ಎಂದು ಕೇಳಿದ.

"ಇರಲಿ ಬಿಡಪಾ. ತವರಮನಿ ಗುರ್ತ ಅದು."

ಚಿಗವ್ವ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೇಲೆ, ಕೆಳಗೆ, ಸುತ್ತಲೂ ಸಾವಕಾಶ ನೋಡಿದಳು. "ಹೂಂ. ಕಂಬ ಎಷ್ಟದಾವ ಅಂದ್ರಿ?"

ಇಡೀ ತಾಲೂಕಿಗೆ ಕಂಬ ಎಣಿಸಿ ತೋರಿಸಿದ ಮನುಷ್ಯ. ಈಕೆ ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಕಾಕಾ ಒಂದೊಂದೇ ಕಂಬ ಮುಟ್ಟಿ ಎಣಿಸುತ್ತ ಹೊರಟರು. ಒಂಬತ್ತನೆಯ ಕಂಬಕ್ಕೆ ಹಣೆ ಆನಿಸಿ ನಿಂತುಬಿಟ್ಟರು. ನನ್ನ ಕಣ್ಣು ತುಂಬಿ ಬಂತು.

ಚಿಗವ್ವ ಅವರ ಕೈ ಹಿಡಿದು ಮುಂದಿನ ಕಂಬದ ಮೇಲೆ ಇಟ್ಟಳು. "ಹತ್ತು" ಎಂದಳು.